ಎರಡು ಚೀಟಿಯ ಸೀಸೆ

"ನೆಗೆಟಿವ್ ಅಂತ ಬರ್ದೈತಲ್ಲಮ್ಮ. ಇನ್ನೇನು ಬೇಕು?" ಎಂದಳು ರಾಣಿ.

ದೇವರ ಪಟದ ಹಿಂದಿನಿಂದ ತೆಗೆದುಕೊಟ್ಟ ಕಾಗದ ಅದು. ಜೆರಾಕ್ಸ್ ಪ್ರತಿ. ನಾಲ್ಕು ಮಡಿಕೆಯ ಜಾಗದಲ್ಲಿ ಹರಿಯುವುದೊಂದು ಬಾಕಿ. ಮೂಲೆಗೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು. ಮಹಾದೇವಿ ಜೀವಮಾನದಲ್ಲಿ ಲೆಕ್ಕವಿಲ್ಲದಷ್ಟು ಲ್ಯಾಬ್ ರಿಪೋರ್ಟು ನೋಡಿದ್ದಳು. ಪೂಜೆ ಮಾಡಿಸಿಕೊಂಡ ರಿಪೋರ್ಟನ್ನು ಕಂಡದ್ದು ಇದೇ ಮೊದಲು.

ಚಂದಾಪುರದ ವಠಾರದ ಕೋಣೆ. ಮೇಲೆ ಶೀಟು, ಏಪ್ರಿಲ್ ತಿಂಗಳ ಬಿಸಿಲು. ರಾಣಿ ಫ್ಯಾನಿನ ಅಡಿಯಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಪಕ್ಕದಲ್ಲಿ ಸತ್ತವನ ಹೆಸರಿನ ದೀಪ ಉರಿಯುತ್ತಿತ್ತು. ಫ್ಯಾನಿನ ಗಾಳಿಗೆ ಆರದಿರಲೆಂದು ಅದರ ಸುತ್ತ ಕತ್ತರಿಸಿದ ಡಾಲ್ಡಾ ಡಬ್ಬ ನಿಲ್ಲಿಸಿದ್ದರು.

ಸತ್ತವನು ಅವಳ ಗಂಡ ಮುನೀಂದ್ರ. ತೀರಿಕೊಂಡು ಎಂಟು ದಿನ. ಆರು ವಾರದ ಹಿಂದೆ, ಅತ್ತಿಬೆಲೆಯ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ, ಅಲ್ಲಿನ ಕ್ಯಾಂಟೀನಿನ ಕೆಲಸದ ರಾಣಿ ದಿನವೂ ಅನ್ನ ಹಾಕುತ್ತಿದ್ದ ಕಾವಲು ನಾಯಿ ಟೈಗರ್ ಅವಳ ಮೀನಖಂಡಕ್ಕೇ ಬಾಯಿ ಹಾಕಿತು. ಬಿಡಿಸಲು ಓಡಿಬಂದ ಮುನೀಂದ್ರನ ಅಂಗೈ ಹರಿಯಿತು. ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೊಕ್ಕುಳ ಸುತ್ತ ನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡರು. ಐದನೆಯ ದಿನ ಈ ಕಾಗದ ಬಂತು. ನಾಯಿಗೆ ಹುಚ್ಚಿಲ್ಲ ಎಂದಿತು. ಇನ್ನೂ ಹತ್ತು ಚುಚ್ಚಿಸಿಕೊಳ್ಳುವ ಕರ್ಮ ತಪ್ಪಿತಲ್ಲ ಎಂದು ಗಂಡ ಹೆಂಡತಿ ಆ ದಿನ ಸಿಹಿ ತಿಂದಿದ್ದರಂತೆ.

"ನನ್ ಮಗ ಕುಡ್ದು ಸತ್ತ ಅಂತ ಫ್ಯಾಕ್ಟರಿಯೋರು ಬರ್ಕೊಂಡವ್ರೆ. ಒಂದಿನ ಎಂಡ ಮುಟ್ಟಿದೋನಲ್ಲ," ಎಂದಳು ಮುನೀಂದ್ರನ ತಾಯಿ ಚಿಕ್ಕಮುನಿಯಮ್ಮ. ಮಹಾದೇವಿಯ ಮನೆ ಬಾಗಿಲು ಬಡಿದು ಈ ಕೇಸು ಒಪ್ಪಿಸಿದ್ದು ಅವಳೇ. "ಕೊನೇ ಮೂರು ದಿನ ಕಂಬ್ಳಿ ಮುಖದ್ ಮ್ಯಾಲೆ ಎಳ್ಕೊಂಡು, ಫ್ಯಾನ್ ಆರ್ಸವ್ವ, ಆರ್ಸವ್ವ ಅಂತ ಬಡ್ಕೊಂಡ. ನೀರು ಬ್ಯಾಡ ಅಂದಿದ್ದು ಆಮ್ಯಾಲೆ. ಮೊದ್ಲು ಗಾಳಿ."

ಹುಚ್ಚುನಾಯಿ ರೋಗದವರು ನೀರಿಗೆ ಹೆದರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಗಾಳಿಗೂ ಹೆದರುತ್ತಾರೆಂದು ಗೊತ್ತಿರುವವರು ಕಮ್ಮಿ.

ಮಹಾದೇವಿ ಡಾಕ್ಟರಲ್ಲ, ಪೊಲೀಸೂ ಅಲ್ಲ. ದಾವಣಗೆರೆಯಿಂದ ಬಂದು, ಬೆಂಗಳೂರಿನ ಒಂದು ದೊಡ್ಡ ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತು ನಿವೃತ್ತಳಾದವಳು. ಹಾರ್ಲಿಕ್ಸ್ ಸೀಸೆಯಲ್ಲಿ, ಜರ್ದಾ ಡಬ್ಬಿಯಲ್ಲಿ, ಮದುವೆಮನೆಯ ಪ್ಲಾಸ್ಟಿಕ್ ಚೀಲದಲ್ಲಿ ಏನೇನೋ ಹಿಡಿದು ಬಂದವರನ್ನೆಲ್ಲ ಬೈದು ವಾಪಸು ಕಳಿಸಿದ ಬಾಯಿ. ಬೆನ್ನ ಹಿಂದೆ ಜನ ಅವಳನ್ನು 'ಬಾಟಲಿ ಮಹಾದೇವಿ' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಹಾಗಾಗಿ ಅವಳು ರಿಪೋರ್ಟಿನಲ್ಲಿ 'ನೆಗೆಟಿವ್' ಎಂಬ ಮಾತನ್ನು ಓದಲೇ ಇಲ್ಲ. ಏನನ್ನು ಪರೀಕ್ಷೆ ಮಾಡಿದರು ಎಂಬ ಸಾಲನ್ನು ಹುಡುಕಿದಳು. ಅದು ಇರಲಿಲ್ಲ. ಕಾಗದದ ಕೆಳಭಾಗದಲ್ಲಿ ನೇರವಾದ ಮಸುಕು ಗೆರೆಯೊಂದಿತ್ತು, ಅದರ ಕೆಳಗೆ ಬರೀ ಬಿಳಿ. ಜೆರಾಕ್ಸ್ ಮಾಡುವಾಗ ಯಾರೋ ಆ ಜಾಗಕ್ಕೆ ಪಟ್ಟಿ ಕಾಗದ ಮುಚ್ಚಿದ್ದರು.

"ರಾಣಿ, ನನ್ನ ಮಾತು ಕೇಳವ್ವಾ. ಈಗ್ಲೂ ಹೊತ್ತು ಮೀರಿಲ್ಲ. ರೋಗ ಕಾಣಿಸ್ಕೊಳ್ಳೋಕೆ ಮುಂಚೆ ಯಾವತ್ತು ಚುಚ್ಚಿದ್ರೂ ಚುಚ್ಚಿದ್ದೇ. ಕಾಣಿಸ್ಕೊಂಡ ಮೇಲೆ ಶಿವನೇ ಬಂದ್ರೂ ಆಗಂಗಿಲ್ಲ. ಈಗ್ಲೇ ಹೊರಡು."

ರಾಣಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಐದು ತಿಂಗಳು.

"ಇಲ್ಲಿಗೆ ಚುಚ್ತಾರಮ್ಮ. ಮಗು ಐತೆ."

"ಮಗೂಗೆ ಏನೂ ಆಗಲ್ಲ. ನೀನು ಉಳಿದ್ರೆ ತಾನೆ ಮಗು?"

"ತಿಥಿ ಆಗೋಗಂಟ ಹೊಸ್ಲು ದಾಟಂಗಿಲ್ಲ. ಇನ್ನು ಮೂರು ದಿನ." ಅವಳು ತಲೆ ಎತ್ತಲಿಲ್ಲ. "ಮತ್ತೆ ಈ ಕಾಗ್ದ ಸುಳ್ಳು ಅನ್ನೋದಾದ್ರೆ... ಇಂಜೆಕ್ಷನ್ ಸಾಕು ಬಿಡಿ ಅಂತ ಅವರ್ನ ತಡ್ದಿದ್ದು ನಾನು. ನಾನೇ ಸಾಯ್ಸ್ದಂಗೆ ಆಗಲ್ವಾ?"

ಆ ಕಾಗದ ರಾಣಿಗೆ ರಿಪೋರ್ಟಲ್ಲ, ತಲೆಯ ಮೇಲಿನ ಸೂರು. ಅದನ್ನು ಕಿತ್ತರೆ ಅವಳು ಗಂಡನ ಸಾವನ್ನು ಮೈಮೇಲೆ ಹೊತ್ತುಕೊಳ್ಳಬೇಕಿತ್ತು.

"ಫ್ಯಾಕ್ಟರಿ ಆಪೀಸಿನ ವಿಶ್ವನಾಥ್ ಸಾರ್ ಇಲ್ಲೇ ಬಂದು ಕೂತ್ಕೊಂಡು ಓದಿ ಹೇಳಿದ್ರು. ಅವರ ಬಾಯಲ್ಲೇ ಸುಳ್ಳು ಅಂತ ಹೇಳ್ಸಿ. ಬರ್ತೀನಿ."

"ಅವ್ನು ಹೇಳ್ಲಿ," ಎಂದಳು ಚಿಕ್ಕಮುನಿಯಮ್ಮ, "ತಿಥಿನೂ ಬ್ಯಾಡ ಏನೂ ಬ್ಯಾಡ, ಕೈ ಇಡ್ಕೊಂಡು ನಾನೇ ಹೊಸ್ಲು ದಾಟಿಸ್ತೀನಿ. ಊರೋರು ಏನಾರ ಅಂದ್ಕೊಳ್ಳಿ."

*

ರಿಪೋರ್ಟು ಕೊಟ್ಟ ಖಾಸಗಿ ಲ್ಯಾಬು ಬೆಂಗಳೂರಿನ ನಡುವೆ ಇತ್ತು. ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮಹಾದೇವಿಯ ಸೀರೆ ಬೆವರಿಗೆ ಅಂಟಿತ್ತು. ಸ್ಯಾಂಪಲ್ ಕಿಟಕಿಯಲ್ಲಿ ಕೂತಿದ್ದವಳು ಮರಿಯಮ್ಮ. ಹಿಂದೆ ಮಹಾದೇವಿಯ ಕೈಕೆಳಗೆ ಬೈಗುಳ ತಿಂದು ಕೆಲಸ ಕಲಿತ ಹುಡುಗಿ, ಈಗ ನಲವತ್ತರ ಹೆಂಗಸು.

"ಪೊಲೀಸ್ ಲೆಟರ್ ಇಲ್ದೆ ಕಾಪಿ ಕೊಡೋಕಾಗಲ್ಲ ಅಕ್ಕ," ಎಂದು ಆಚೀಚೆ ನೋಡಿ, ರಿಜಿಸ್ಟರನ್ನು ಕಿಟಕಿಯ ಕಡೆ ತಿರುಗಿಸಿಟ್ಟು, ಟೀ ಕುಡಿಯಲು ಎದ್ದುಹೋದಳು. ಶಿಷ್ಯೆ ಎಂದರೆ ಹೀಗಿರಬೇಕು.

ಮಾರ್ಚ್ ಎಂಟು. ನಾಯಿ, ಹೆಸರು ಟೈಗರ್. ಸ್ಯಾಂಪಲ್: ಸೀರಂ. ತಿಳಿ ಹಳದಿ, ಸ್ವಚ್ಛ. ಸೀಸೆಗೆ ಎರಡು ಪ್ಲಾಸ್ಟರ್.

ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿ. ಮಹಾದೇವಿ ಎರಡು ಸಲ ಓದಿದಳು. ಮರಿಯಮ್ಮ ಟೀ ಮುಗಿಸಿ ಬಂದು ಕೂರುವುದನ್ನೇ ಕಾದಳು.

"ಈ ರೋಗಕ್ಕೆ ರಕ್ತ ತಗೊಂಡು ಏನು ನೋಡಿದ್ರೇ ಮರಿಯಮ್ಮ? ನಾನು ಇದನ್ನೇ ಏನು ಕಲಿಸಿದ್ದು?"

"ನಾವು ಬೇಡ ಅಂದ್ವಿ ಅಕ್ಕ. ಕೇಳಿದ್ದಾರಲ್ಲ, ಮಾಡಿಕೊಡಿ ಅಂದ್ರು ದೊಡ್ಡವರು. ಆದ್ರೆ ರಿಪೋರ್ಟ್ ಕೆಳಗೆ ಸ್ಪಷ್ಟವಾಗಿ ಟೈಪ್ ಮಾಡಿದ್ವಿ. ಈ ಸ್ಯಾಂಪಲ್ ಈ ರೋಗಕ್ಕೆ ತಕ್ಕದ್ದಲ್ಲ, ಇದನ್ನ ನಂಬಿ ಇಂಜೆಕ್ಷನ್ ನಿಲ್ಲಿಸಬೇಡಿ, ನಾಯಿಯ ಮೆದುಳು ಕಳಿಸಿ ಅಂತ."

ಪಟ್ಟಿ ಕಾಗದದ ಅಡಿ ಮುಚ್ಚಿಹೋದ ಸಾಲು ಅದೇ.

ಈ ವೈರಸ್ಸು ರಕ್ತದಲ್ಲಿ ತಿರುಗಾಡುವ ಗಿರಾಕಿಯಲ್ಲ. ಕಚ್ಚಿದ ಜಾಗದಿಂದ ನರ ಹಿಡಿದು ಮೆಲ್ಲಗೆ ಮೆದುಳಿಗೆ ಹತ್ತುತ್ತದೆ, ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ನಾಯಿ ಸತ್ತ ಮೇಲೆ ಅದರ ಮೆದುಳು ನೋಡಿದರೆ ಮಾತ್ರ ನಿಜ ಗೊತ್ತಾಗುವುದು. ರಕ್ತದಲ್ಲಿ ಸಿಗಲಿಲ್ಲ ಎನ್ನುವುದು, ಕಳ್ಳ ಅಟ್ಟದ ಮೇಲೆ ಕೂತಿರುವಾಗ ಹಿತ್ತಲಲ್ಲಿ ಹುಡುಕಿ ಬಂದು, ಮನೆಯಲ್ಲಿ ಕಳ್ಳನಿಲ್ಲ ನಿಶ್ಚಿಂತೆಯಿಂದ ಮಲಗಿ ಎಂದ ಹಾಗೆ.

ಆದರೆ ಮಹಾದೇವಿಯನ್ನು ಚುಚ್ಚಿದ್ದು ಇನ್ನೊಂದು ಮಾತು. ತಿಳಿ ಹಳದಿ. ಸ್ವಚ್ಛ.

ಟೈಗರ್ ಸತ್ತದ್ದು ಏಳನೆಯ ತಾರೀಖು ಎಂದು ಚಿಕ್ಕಮುನಿಯಮ್ಮ ಹೇಳಿದ್ದಳು. ಸತ್ತ ಪ್ರಾಣಿಯ ರಕ್ತ ಒಡೆದು, ಸೀರಂ ದಾಸವಾಳದ ನೀರಿನ ಹಾಗೆ ಕೆಂಪಾಗಿರುತ್ತದೆ. ಇಪ್ಪತ್ತೆರಡು ವರ್ಷ ನೋಡಿದ ಬಣ್ಣ ಅದು. ಇಷ್ಟು ಸ್ವಚ್ಛವಾದ ಸೀರಂ ಬರಬೇಕಾದರೆ, ಬದುಕಿರುವ ಜೀವ ಕೈಚಾಚಿ ಸುಮ್ಮನೆ ಕೂತಿರಬೇಕು, ನರ ಹುಡುಕಲು ಬಲ್ಲವರು ಸೂಜಿ ಹಾಕಿರಬೇಕು. ಕಂಡವರನ್ನೆಲ್ಲ ಕಚ್ಚುತ್ತಿದ್ದ ನಾಯಿ ಕೈಚಾಚಿ ಕೂತಿತ್ತೇ?

"ಎರಡು ಪ್ಲಾಸ್ಟರ್ ಅಂದ್ರೆ?"

"ಹೆಸರು ಬರೆದ ಪ್ಲಾಸ್ಟರ್ ಮೇಲೆ ಇನ್ನೊಂದು ಅಂಟಿಸಿದ್ರು. ತಪ್ಪು ಬರ್ದಿರ್ಬೇಕು ಅಂದ್ಕೊಂಡೆ."

"ಸೀಸೆ ಇದೆಯಾ?"

"ಫ್ರೀಜರ್‌ನಲ್ಲಿ ಇರುತ್ತೆ. ಬೀಗದ ಕೈ ಡಾಕ್ಟರ್ ಹತ್ರ, ಮೂರು ಗಂಟೆಗೆ ಬರ್ತಾರೆ. ನೀವು ಎಲ್ಲಿರ್ತೀರೋ ಆ ನಂಬರ್ ಕೊಡಿ ಅಕ್ಕ, ಫೋನ್ ಮಾಡ್ತೀನಿ."

ಮಹಾದೇವಿ ಫ್ಯಾಕ್ಟರಿಯ ನಂಬರನ್ನೇ ಬರೆದುಕೊಟ್ಟಳು.

*

ಅತ್ತಿಬೆಲೆಯ ಫ್ಯಾಕ್ಟರಿ ಗೇಟಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಶೇಖರಪ್ಪ ಜೀಪಿಗೆ ಒರಗಿ ನಿಂತಿದ್ದ. ಫೋನು ಮಾಡಿ ಕರೆಸಿದ್ದು ಮಹಾದೇವಿ. ಬಂದದ್ದು ಹಳೆಯ ಪರಿಚಯದ ದಾಕ್ಷಿಣ್ಯಕ್ಕೆ.

"ಅಮ್ಮಾರೆ, ನಾಯಿ ಕಚ್ಚಿದ್ದನ್ನೆಲ್ಲ ಕೊಲೆ ಕೇಸ್ ಮಾಡೋಕಾಗಲ್ಲ."

"ನಾಯಿ ಕಚ್ಚಿದ್ದು ಕೇಸಲ್ರಿ. ನಾಯಿ ಬಾಯಿಂದ ತಪ್ಪಿಸ್ಕೊಳ್ಳೋ ದಾರಿ ಮುಚ್ಚಿದ್ದಾರಲ್ಲ, ಅದು ಕೇಸು."

ಗೇಟಿನ ಕಾವಲುಗಾರ ಹನುಮಯ್ಯ ಈ ಜಾಗ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿಯವನು. ಟೈಗರನ್ನು ಮರಿಯಿಂದ ಸಾಕಿದವನೂ ಅವನೇ. ನಾಯಿಯ ಹೆಸರೆತ್ತಿದ್ದೇ ತಡ ಮುದುಕನ ಕಣ್ಣು ತುಂಬಿತು.

"ತಲೆ ಕತ್ತರ್ಸಿ ಕೊಡು, ಟೆಸ್ಟಿಗೆ ಬೇಕು ಅಂದ್ರು ಆಪೀಸಿನೋರು. ನಾ ಕೊಡ್ಲಿಲ್ಲ ಕಣಮ್ಮ. ಮಗ ಇದ್ದಂಗಿದ್ದ. ಎಂಟು ಗಂಟೆಗೆ ಸತ್ತ, ಒಂಬತ್ತಕ್ಕೆಲ್ಲ ಉಪ್ಪು ಅರಿಸ್ನ ಆಕಿ ಕಾಂಪೌಂಡ್ ಪಕ್ಕ ಮಣ್ಣು ಮಾಡ್ಬುಟ್ಟೆ. ತಲೆ ಇಲ್ದೆ ಎಂಗೆ ಕಳಿಸ್ಲಿ?"

"ಯಾರಾದ್ರೂ ರಕ್ತ ತೆಗೆದ್ರಾ?"

"ಅದ್ರ ಅತ್ರ ಯಾರು ಓಗಿದ್ರು? ನಾನೇ ಬಾಗ್ಲು ಸಂದೀಲಿ ನೀರಿಡ್ತಿದ್ದೆ."

ಪ್ರೀತಿಯಿಂದ ಮಾಡಿದ ತಪ್ಪು ಅದು. ಅವನ ಮೇಲೆ ಸಿಟ್ಟು ಮಾಡುವುದು ಮಹಾದೇವಿಯಿಂದ ಆಗಲಿಲ್ಲ. ಆದರೆ ಆ ಗುಂಡಿಯೊಳಗೆ ಉಪ್ಪಿನ ಜೊತೆ ಮುನೀಂದ್ರನ ಆಯುಷ್ಯವೂ ಹೋಗಿತ್ತು.

*

ನೌಕರರ ವ್ಯವಹಾರ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್ ವಿಶ್ವನಾಥ್ ನಲವತ್ತೈದರ ಮನುಷ್ಯ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಮಹಾದೇವಿಯ ಹಣೆಯ ವಿಭೂತಿಯನ್ನೂ ನೋಡಿ ಮುಖ ಅರಳಿಸಿದ.

"ನೀವು ದಾವಣಗೆರೆ ಕಡೆಯವರಂತೆ. ನಾವು ಚಿತ್ರದುರ್ಗ. ನಮ್ಮವರೇ ಆದ್ರಿ. ಟೀ ತರಿಸ್ತೀನಿ."

"ಟೀ ಬೇಡ್ರಿ. ಟೈಗರ್‌ದು ಏನು ಟೆಸ್ಟಿಗೆ ಕಳಿಸಿದ್ರಿ?"

"ತಲೆ. ನಿಯಮ ಅದೇ ಅಲ್ವಾ? ಐಸ್ ಹಾಕಿ, ಥರ್ಮೋಕೋಲ್ ಡಬ್ಬದಲ್ಲಿ."

"ಯಾರು ಕತ್ತರಿಸಿದ್ರು?"

"ನಮ್ಮ ಹನುಮಯ್ಯ."

ಶೇಖರಪ್ಪ ಅಲ್ಲಿಯವರೆಗೆ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಈಗ ಟೋಪಿ ನಿಂತಿತು. "ಹನುಮಯ್ಯನ್ನ ಈಗ್ಲೇ ಕರೀಲಾ ಸಾರ್? ಉಪ್ಪು ಹಾಕಿ ಇಡೀ ನಾಯೀನ ಹೂತಿದ್ದೀನಿ ಅಂತಾನೆ. ಗುಂಡಿ ಅಗೆಸಿದ್ರೆ ತಲೆಬುರುಡೆ ಸಿಗುತ್ತೋ ಇಲ್ವೋ?"

ವಿಶ್ವನಾಥ್ ಮೇಜಿನ ಮೇಲಿನ ಪೆನ್ನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟ.

"ನೆನಪಿನ ತಪ್ಪು. ರಕ್ತ ಕಳಿಸಿದ್ದು."

"ಯಾವಾಗ ತೆಗೆಸಿದ್ರಿ?"

"ಸತ್ತ ಮೇಲೆ."

"ಸತ್ತ ನಾಯಿ ರಕ್ತ ಅಷ್ಟು ತಿಳಿಯಾಗಿರಲ್ರಿ," ಎಂದಳು ಮಹಾದೇವಿ. ದನಿ ಏರಿಸಲಿಲ್ಲ, ಆದರೆ ಕಿಟಕಿಯ ಹಿಂದಿನ ಹಳೆಯ ಮಹಾದೇವಿ ಎದ್ದು ಕೂತಿದ್ದಳು. "ಬದುಕಿದ್ದಾಗ ಅಂತೀರೋ, ನಿಮ್ಮ ಕೈ ನೋಡ್ತೀನಿ, ಒಂದು ಗಾಯ ಇಲ್ಲ. ನಾಯಿ ಬದುಕಿದ್ದಾಗಲೂ ಅಲ್ಲ, ಸತ್ತ ಮೇಲೂ ಅಲ್ಲ. ಹಂಗಾದ್ರೆ ಅದು ಯಾರ ರಕ್ತ?"

"ಮೇಡಂ, ನೀವು ಸುಮ್ನೆ..."

"ರಿಪೋರ್ಟಿನ ಕೆಳಗಿನ ಸಾಲಿಗೆ ಕಾಗದ ಮುಚ್ಚಿದ್ದು ಯಾರು? ಅದೂ ನೆನಪಿನ ತಪ್ಪಾ?"

ಗೋಡೆಯ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಫೋನು ಹೊಡೆದುಕೊಂಡಿತು. ವಿಶ್ವನಾಥ್ ಕೈಚಾಚುವ ಮೊದಲೇ ಶೇಖರಪ್ಪ ಎತ್ತಿ, ಮಹಾದೇವಿಗೆ ಕೊಟ್ಟ.

"ಅಕ್ಕ, ಸೀಸೆ ಸಿಕ್ತು," ಎಂದಳು ಮರಿಯಮ್ಮ. "ತಂಪಿಗೆ ಮೇಲಿನ ಪ್ಲಾಸ್ಟರ್ ತಾನಾಗೇ ಬಿಟ್ಟಿದೆ. ಕೆಳಗಿನದ್ರಲ್ಲಿ ಬಾಲ್‌ಪೆನ್ನಲ್ಲಿ ಬರೆದಿದೆ. ಓದ್ಲಾ?"

ಮಹಾದೇವಿ ಕೇಳಿಸಿಕೊಂಡಳು. ಫೋನು ಇಡುವಾಗ ಅದು ಜಾಗಕ್ಕೆ ಸರಿಯಾಗಿ ಕೂರಲಿಲ್ಲ. ಎರಡನೆಯ ಸಲ ಇಟ್ಟಳು.

"ಕ್ಯಾಂಟೀನ್, ನಂಬರ್ ಏಳು, ರಾಣಿ," ಎಂದಳು.

ಶೇಖರಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ವಿಶ್ವನಾಥನಿಗೆ ಬೇಕಾಗಲಿಲ್ಲ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಫೆಬ್ರವರಿಯಲ್ಲಿ ಕ್ಯಾಂಟೀನಿನವರಿಗೆಲ್ಲ ಮೆಡಿಕಲ್ ಚೆಕಪ್ ಮಾಡಿಸಿದ್ವಿ. ಟೈಫಾಯ್ಡ್, ಜಾಂಡೀಸ್ ನೋಡೋಕೆ. ಮಿಕ್ಕಿದ ಸೀಸೆಗಳು ಡಿಸ್ಪೆನ್ಸರಿ ಫ್ರಿಜ್ಜಲ್ಲಿ ಇದ್ವು," ಎಂದ ಕೈಯ ಸಂದಿಯಿಂದ. "ಹನ್ನೊಂದನೇ ತಾರೀಖು ಜರ್ಮನಿಯವರು ಫ್ಯಾಕ್ಟರಿ ನೋಡೋಕೆ ಬರೋರಿದ್ರು. ಹುಚ್ಚುನಾಯಿ ಅಂತ ಸುದ್ದಿಯಾಗಿ ಅರ್ಧ ಜನ ಕೆಲಸಕ್ಕೆ ಬರ್ತಿರ್ಲಿಲ್ಲ. ಎಂಡಿ ದಿನಾ ಬೈತಿದ್ರು, ರಿಪೋರ್ಟ್ ತರಿಸು, ರಿಪೋರ್ಟ್ ತರಿಸು ಅಂತ. ಮುದುಕ ತಲೆ ಕೊಡಲಿಲ್ಲ. ಟೆಸ್ಟ್ ಅಂದ್ರೆ ರಕ್ತ ಅಲ್ವಾ ಅಂದ್ಕೊಂಡೆ. ಕೈಗೆ ಸಿಕ್ಕಿದ ಸೀಸೆ ತಗೊಂಡು ಚೀಟಿ ಅಂಟಿಸ್ದೆ. ಯಾರದ್ದು ಅಂತ ಓದಲೂ ಇಲ್ಲ. ಆಣೆ ಮಾಡಿ ಹೇಳ್ತೀನಿ, ನಾಯಿ ಇಲಿ ಪಾಷಾಣ ತಿಂದು ಸತ್ತಿದೆ ಅಂತಲೇ ನಂಬಿದ್ದೆ."

"ನಂಬಿದ್ರೆ ಕೆಳಗಿನ ಸಾಲು ಯಾಕೆ ಮುಚ್ಚಿದ್ರಿ?"

ವಿಶ್ವನಾಥ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ರಾಣಿ ರಕ್ತದಲ್ಲಿ ಹುಚ್ಚುನಾಯಿ ರೋಗ ಇಲ್ಲ ಅಂತ ರಾಣಿಗೇ ಓದಿ ಹೇಳಿ ಬಂದ್ರಲ್ರಿ," ಎಂದಳು ಮಹಾದೇವಿ. "ಆ ಕಾಗದಕ್ಕೆ ಆ ಹುಡುಗಿ ಕುಂಕುಮ ಹಚ್ಚಿಟ್ಟಿದ್ದಾಳೆ. ಅವಳ ಗಂಡ ಸತ್ತ. ಅವಳೂ ಅವಳ ಮಗುವೂ ಉಳೀಬೇಕಾದ್ರೆ ನೀವು ಒಂದು ಕೆಲಸ ಮಾಡಬೇಕು. ಆಮೇಲೆ ಜೈಲಿಗೆ ಹೋಗ್ತೀರೋ ಎಲ್ಲಿಗೆ ಹೋಗ್ತೀರೋ, ಶೇಖರಪ್ಪನವರಿಗೆ ಬಿಟ್ಟಿದ್ದು. ಏಳ್ರಿ ಮೇಲೆ."

ವಿಶ್ವನಾಥ್ ಎದ್ದ. ಕನ್ನಡಕ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಎತ್ತಿಕೊಟ್ಟವನು ಶೇಖರಪ್ಪ.

*

ಜೀಪು ಹೊಸೂರು ರಸ್ತೆಯ ಲಾರಿಗಳ ನಡುವೆ ತೆವಳಿತು. ಇನ್ನೂ ಹೊತ್ತಿದೆ ಎಂದು ಮಹಾದೇವಿ ತನಗೇ ಹೇಳಿಕೊಂಡಳು. ಮುನೀಂದ್ರನಿಗೆ ಕಚ್ಚಿದ್ದು ಅಂಗೈಗೆ, ನರ ತುಂಬಿದ ಜಾಗ. ರಾಣಿಗೆ ಕಾಲಿಗೆ. ಕಾಲಿನಿಂದ ತಲೆಗೆ ದಾರಿ ದೂರ. ಬೆಳಿಗ್ಗೆ ಫ್ಯಾನಿನ ಅಡಿಯಲ್ಲೇ ಕೂತಿದ್ದಳಲ್ಲ.

ವಠಾರದ ಹೊಸ್ತಿಲ ಹೊರಗೆ ವಿಶ್ವನಾಥ್ ಚಪ್ಪಲಿ ಬಿಟ್ಟು ನಿಂತ. ಚಿಕ್ಕಮುನಿಯಮ್ಮ ಒಳಗಿನಿಂದ ಅವನನ್ನು ದಿಟ್ಟಿಸಿದಳು.

"ಹೇಳ್ರಿ," ಎಂದಳು ಮಹಾದೇವಿ.

"ರಾಣಿ," ಎಂದ ಅವನು. "ನಾನು ಓದಿ ಹೇಳಿದ ಕಾಗದ ಸುಳ್ಳು ಕಣಮ್ಮ. ನಾಯಿದಲ್ಲ ಅದು. ನಾನೇ ಮಾಡಿದ್ದು. ನಿನ್ನದೇನೂ ತಪ್ಪಿಲ್ಲ."

ಚಿಕ್ಕಮುನಿಯಮ್ಮ ಗೋಡೆ ಹಿಡಿದು ಕೂತಳು. ಕೋಣೆಯ ಒಳಮೂಲೆಯ ನೆರಳಿನಿಂದ ರಾಣಿಯ ದನಿ ಬಂತು. ತಡವಾಗಿ, ಆದರೆ ಸಮಾಧಾನವಾಗಿ.

"ಸರಿ. ಬರ್ತೀನಿ."

ಮಹಾದೇವಿಗೆ ಅಳು ಬಂದಂತಾಯಿತು. ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರು ಬಿಟ್ಟು ಒಳಗೆ ಕಾಲಿಟ್ಟಳು. ಕೋಣೆ ಕಾದ ಹಂಚಿನಂತಿತ್ತು. ಫ್ಯಾನು ನಿಂತಿತ್ತು. ಕರೆಂಟು ಹೋಗಿರಬೇಕು, ಚಂದಾಪುರದಲ್ಲಿ ಅದೇನು ಹೊಸತೇ?

ಗೋಡೆಯಾಚೆ ಪಕ್ಕದ ಮನೆಯ ಮಿಕ್ಸಿ ಗುರ್ರ್ ಎಂದಿತು.

ಮಹಾದೇವಿ ದೀಪದ ಕಡೆ ನೋಡಿದಳು. ದೀಪ ಆರೀತೆಂದು ಫ್ಯಾನು ನಿಲ್ಲಿಸಿರಬಹುದು. ಡಾಲ್ಡಾ ಡಬ್ಬ ಬೆಳಿಗ್ಗೆ ಇದ್ದಂತೆಯೇ ಅದರ ಸುತ್ತ ಭದ್ರವಾಗಿ ನಿಂತಿತ್ತು.

ಅವಳು ಸ್ವಿಚ್ಚಿನ ಹತ್ತಿರ ಹೋದಳು. ಬೆರಳು ಅದರ ಮೇಲಿಟ್ಟಳು.

"ಬ್ಯಾಡಮ್ಮ," ಎಂದಳು ರಾಣಿ ಮೂಲೆಯಿಂದ, ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತ. "ಹಾಕ್ಬೇಡಿ."